ಹಿತ್ತಲಿನ ಏರುಮಡಿ: ಬೇಸಿಗೆಗೆ ತಗ್ಗು, ಮಳೆಗೆ ದಿಬ್ಬ

ಏರುಮಡಿ ಎಂದರೆ ಸುತ್ತ ಗೋಡೆ ಕಟ್ಟಿ ನೆಲಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿದ ಪಾತಿ. ಅದರ ಕೆಲಸವೇ ನೀರು ಇಳಿಸಿಬಿಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ತರಕಾರಿ ಗಿಡ ಕೊಳೆಯದೆ ನಿಲ್ಲಬೇಕೆಂದರೆ ಅದು ಬೇಕೇ ಬೇಕು. ಶಿವರಾತ್ರಿ ಕಳೆದ ಮೇಲೆ ಮಾತ್ರ ಅದೇ ಎತ್ತರ ಗಿಡಕ್ಕೆ ವೈರಿ. ನಾಲ್ಕೂ ಬದಿಯ ಗೋಡೆ ಬಿಸಿಲಿಗೆ ಕಾಯುತ್ತದೆ, ಮಧ್ಯಾಹ್ನದ ಪಡುಗಾಳಿ ಮಣ್ಣಿನ ಪಸೆ ಎಳೆಯುತ್ತದೆ, ಹಾಕಿದ ನೀರು ಬುಡದಲ್ಲಿ ಸೋರಿ ಹೋಗುತ್ತದೆ. ಗದ್ದೆ ಕೊಯ್ಲಾದ ಮೇಲೆ ತರಕಾರಿ ಮಾಡುವವರು ಏರು ಮಾಡದೆ ಗುಳಿ ತೋಡಿ ಬೀಜ ಹಾಕುವುದು ಸುಮ್ಮನೆ ಅಲ್ಲ. ಹಾಗಿದ್ದ ಮೇಲೆ ಫೆಬ್ರವರಿಯಲ್ಲಿ ಏರುಮಡಿ ಕಟ್ಟುವ ಉಸಾಬರಿ ಯಾಕೆ?

ಹಿತ್ತಲಿನಲ್ಲಿ ಬೇರೆ ದಾರಿ ಇಲ್ಲದಿರುವುದೇ ಕಾರಣ. ಕುಮಟಾ, ಅಂಕೋಲಾ ಕಡೆಯ ಮನೆಗಳ ಹಿಂದೆ ಅರ್ಧ ಅಡಿ ಕೆಳಗೆ ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗಟ್ಟಿ ಪದರ ಸಿಗುತ್ತದೆ. ಪಿಕಾಸಿ ಹೊಡೆದರೆ ಕಿಡಿ ಹಾರುತ್ತದೆ. ಸಮುದ್ರಕ್ಕೆ ಇನ್ನೂ ಹತ್ತಿರ ಹೋದರೆ ಬರೀ ಮರಳು. ಎರಡೂ ಕಡೆ ಮಣ್ಣನ್ನು ಹೊರಗಿನಿಂದ ತಂದು ಹಾಕಬೇಕು, ತಂದದ್ದನ್ನು ಹಿಡಿದಿಡಲು ಗೋಡೆ ಬೇಕು. ಜೊತೆಗೆ ಮೇ ಕೊನೆಯಲ್ಲಿ ಬೆಂಡೆ ಬೀಜ ಊರಿ ಜೂನ್ ಮಳೆಗೆ ಗಿಡ ನಿಲ್ಲಿಸಬೇಕೆಂದರೆ ಮಡಿ ಅಷ್ಟರೊಳಗೆ ತಯಾರಿರಬೇಕು. ಆದ್ದರಿಂದ ನಾವು ಕಟ್ಟುವುದು ಎರಡು ಕಾಲಕ್ಕೂ ಆಗುವ ಮಡಿ. ಬೇಸಿಗೆಯಲ್ಲಿ ಒಳಗಿನ ಮಣ್ಣು ಗೋಡೆಯ ಅಂಚಿಗಿಂತ 2 ಇಂಚು ತಗ್ಗಿನಲ್ಲಿರುತ್ತದೆ, ಮಳೆಗಾಲದ ಹೊತ್ತಿಗೆ ಅದೇ ಮಣ್ಣು ಅಂಚಿಗಿಂತ 3 ಇಂಚು ಮೇಲೆ ಬರುತ್ತದೆ. ಉಳಿದ ಕೆಲಸವೆಲ್ಲ ಈ 5 ಇಂಚಿನ ಸುತ್ತ.

ಜಾಗ ಆರಿಸುವಾಗ ಎಲ್ಲರೂ ಬಿಸಿಲು ನೋಡುತ್ತಾರೆ, ತೆಂಗಿನ ಬೇರು ನೋಡುವುದಿಲ್ಲ. ತೆಂಗಿನ ಬೇರಿನ ಹೆಚ್ಚಿನ ಪಾಲು ಬುಡದ ಸುತ್ತ 2 ಮೀಟರ್ ಒಳಗೇ ಇರುತ್ತದೆ. ಅದರೊಳಗೆ ಮಡಿ ಕಟ್ಟಿದರೆ ನಿಮ್ಮ ನೀರು, ಗೊಬ್ಬರ ಎರಡನ್ನೂ ಮರ ಉಣ್ಣುತ್ತದೆ. ಏಪ್ರಿಲ್‌ನಲ್ಲಿ ಮಡಿ ಕೆದಕಿದರೆ ಕೆಂಪು ಬೇರಿನ ಬಲೆಯೇ ಮೇಲೆದ್ದು ಬಂದಿರುತ್ತದೆ. ಬುಡದಿಂದ ಕನಿಷ್ಠ 8 ಅಡಿ ದೂರ ಹೋಗಿ. ಮಾಡಿನ ನೀರು ಬೀಳುವ ಸಾಲಿನಡಿಯೂ ಬೇಡ, ಜೂನ್‌ನಲ್ಲಿ ಆ ಧಾರೆ ಮಣ್ಣನ್ನು ಕೊರೆದು ಅಂಗಳಕ್ಕೆ ತರುತ್ತದೆ. ಉದ್ದ ಬದಿ ಉತ್ತರ–ದಕ್ಷಿಣಕ್ಕೆ ಇರಲಿ. ಆಗ ಪಶ್ಚಿಮದ ಉದ್ದ ಬದಿಗೆ ಬಳ್ಳಿ ಹಬ್ಬಿಸಿದರೆ ಎರಡು ಗಂಟೆಯ ನಂತರದ ಬಿಸಿಲಿಗೂ ಉಪ್ಪು ಹೊತ್ತ ಗಾಳಿಗೂ ಅದೇ ತಡೆ.

ಅಳತೆ: ಒಳಗಿನ ಅಗಲ 4 ಅಡಿ, ಉದ್ದ 8 ಅಡಿ. ಅಗಲ ಇದಕ್ಕಿಂತ ಹೆಚ್ಚಾದರೆ ನಡುವಿಗೆ ಕೈ ಎಟುಕುವುದಿಲ್ಲ, ಕಾಲಿಟ್ಟು ತುಳಿಯಬೇಕಾಗುತ್ತದೆ, ತುಳಿದ ಮಣ್ಣು ಮತ್ತೆ ಅಂಗಳವೇ. ಗೋಡೆಗೆ ಚಿರೇಕಲ್ಲಿಗಿಂತ ಒಳ್ಳೆಯದು ನಮ್ಮಲ್ಲಿ ಇಲ್ಲ. 15 ಇಂಚು ಉದ್ದ, 9 ಇಂಚು ಅಗಲ, 7 ಇಂಚು ದಪ್ಪದ ಕಲ್ಲನ್ನು ಮಗ್ಗುಲಾಗಿ ನಿಲ್ಲಿಸಿದರೆ 9 ಇಂಚಿನ ಎತ್ತರ ಸಿಗುತ್ತದೆ. ಈ ಅಳತೆಯ ಮಡಿಗೆ 22 ಕಲ್ಲು ಸಾಕು. ಮನೆ ಕಟ್ಟುವಲ್ಲಿ ಮೂಲೆ ಒಡೆದ ಕಲ್ಲುಗಳು ಬಿದ್ದಿರುತ್ತವೆ, ಅವೇ ಆದೀತು. ಸಿಮೆಂಟ್ ಹಾಕಿ ಸಂದು ಮುಚ್ಚಬೇಡಿ. ಬೇಸಿಗೆಯಲ್ಲಿ ಸಂದಿಗೆ ಜೇಡಿ ಮೆತ್ತಿದರೆ ಸಾಕು, ಮಳೆಗಾಲಕ್ಕೆ ಅದನ್ನು ಕಿತ್ತರೆ ನೀರಿಗೆ ದಾರಿಯಾಗುತ್ತದೆ.

ಶಿರಸಿ, ಸಿದ್ದಾಪುರ ಕಡೆ ಅಡಿಕೆ ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ, ಗೋಡೆ ಮಾಡುತ್ತಾರೆ. ಕೈಗೆ ಸುಲಭವಾಗಿ ಸಿಗುತ್ತದೆ, ಚೆಂದವೂ ಹೌದು. ಆದರೆ ಮಣ್ಣು ತಾಗಿದ ಬದಿಯಿಂದ ಒರಲೆ (ಗೆದ್ದಲು) ಹತ್ತಿ ಎರಡನೇ ಮಳೆಗಾಲ ದಾಟುವುದು ಅಪರೂಪ. ತಗಡಿನ ಗೋಡೆಯ ಮಡಿಗಳೂ ಈಗ ಅಂಗಡಿಯಲ್ಲಿ ಸಿಗುತ್ತವೆ. ಅವು ಮಲೆನಾಡಿನ ನೆರಳಿಗೆ ಆಗಬಹುದು. ಕಾರವಾರದ ಏಪ್ರಿಲ್ ಬಿಸಿಲಿಗೆ ತಗಡಿನ ಪಕ್ಕದ ನಾಲ್ಕಿಂಚು ಮಣ್ಣಿನಲ್ಲಿ ಬೇರು ನಿಲ್ಲುವುದಿಲ್ಲ, ಉಪ್ಪುಗಾಳಿಗೆ ತಗಡೂ ಬಾಳುವುದಿಲ್ಲ.

ಗೋಡೆ ನಿಲ್ಲಿಸುವ ಮೊದಲು ಒಳಗಿನ ನೆಲವನ್ನು 6 ಇಂಚು ಅಗೆಯಬೇಕು. ಅಗೆಯಲು ಆಗದಷ್ಟು ಕಲ್ಲಿದ್ದರೆ ಗೋಡೆಗೆ ಇನ್ನೊಂದು ವರಸೆ ಕಲ್ಲು ಏರಿಸಿ, ಬೇರೆ ಉಪಾಯವಿಲ್ಲ. ಅಗೆದ ಹೊಂಡಕ್ಕೆ ಹೋಗುವುದು ತೆಂಗಿನ ಸಿಪ್ಪೆ. ಬೇಸಿಗೆಯ ಮಡಿಯ ಜೀವ ಇಲ್ಲೇ ಇರುವುದು, ಅವಸರ ಬೇಡ. ಸಿಪ್ಪೆಯನ್ನು ಮೊದಲು ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಕಂದು ನೀರು ಚೆಲ್ಲಿ, ಮತ್ತೆ ನೆನೆಸಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಒಗರು ಇಳಿಯುತ್ತದೆ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆ ಬಂದರೆ ತೆಗೆದುಕೊಳ್ಳಬೇಡಿ, ಅದರ ನಾರಿನೊಳಗೆ ಉಪ್ಪು ಕೂತಿರುತ್ತದೆ. ನೆನೆದ ಸಿಪ್ಪೆಯ ಕಾಲುಭಾಗದ ತುಂಡುಗಳನ್ನು ಒಳಮುಖ, ಅಂದರೆ ನಾರಿನ ಬದಿ, ಮೇಲೆ ಬರುವಂತೆ ಒತ್ತೊತ್ತಾಗಿ ಹಾಸಿ. ತೆಂಗಿನ ಬುಡಕ್ಕೆ ಸಿಪ್ಪೆ ಹೂಳುವವರು ಮಾಡುವುದೂ ಹೀಗೆಯೇ. ಬೋರಲು ಹಾಕಿದರೆ ಹೊರಗಿನ ನುಣುಪು ಸಿಪ್ಪೆಯ ಮೇಲಿಂದ ನೀರು ಜಾರಿ ಹೋಗುತ್ತದೆ. ಒಂದು ಪದರಕ್ಕೆ ಸುಮಾರು 100 ತುಂಡು ಹಿಡಿಯುತ್ತದೆ. ಅದರ ಮೇಲೆ ಗಟ್ಟಿ ಶೆಗಣಿ ನೀರು ಎರಡು ಬಕೆಟ್ ಸುರಿದು, ಒಂದು ತೆಳು ಮಣ್ಣು ಹಾಕಿ, ಇನ್ನೊಂದು ಪದರ ಹಾಸಿದರೆ ಹೊಂಡ ತುಂಬುತ್ತದೆ. ಶೆಗಣಿ ನೀರು ತಪ್ಪಿಸಬಾರದು. ಸಿಪ್ಪೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನು ಎಳೆದುಕೊಳ್ಳುತ್ತದೆ, ಮೇಲಿನ ಗಿಡ ತಿಂಗಳೊಳಗೆ ಹಳದಿಯಾಗಿ ನಿಂತುಬಿಡುತ್ತದೆ. ಸಿಪ್ಪೆ ಎಲ್ಲಿಯೂ ಹೊರಗೆ ಕಾಣದಂತೆ ಮುಚ್ಚಿ, ಸಂದು ಬಿಟ್ಟರೆ ಹೆಗ್ಗಣ ಸಂಸಾರ ಹೂಡುತ್ತದೆ.

ಅದರ ಮೇಲೆ 7 ಇಂಚು ಮಣ್ಣಿನ ಮಿಶ್ರಣ. ಗಾರೆ ಕೆಲಸದ ಬುಟ್ಟಿಯ ಲೆಕ್ಕದಲ್ಲಿ 37–38 ಬುಟ್ಟಿ ಬೇಕು: 18 ಬುಟ್ಟಿ ಮಣ್ಣು, 11 ಬುಟ್ಟಿ ಹುಡಿಯಾದ ಹಳೆ ಕೊಟ್ಟಿಗೆ ಗೊಬ್ಬರ, ಉಳಿದದ್ದು ಹೊಳೆಯ ಮರಳು ಅಥವಾ ಕೊಳೆತ ತೆಂಗಿನ ನಾರಿನ ಹುಡಿ. ಕೆಂಪು ಚಿರೇಮಣ್ಣಿದ್ದರೆ ಮರಳು, ಮರಳು ನೆಲವಿದ್ದರೆ ಗದ್ದೆಯ ಜೇಡಿ ಮಣ್ಣು ಮತ್ತು ನಾರಿನ ಹುಡಿ. ಗದ್ದೆ ಮಣ್ಣು ಎಂದಾಗ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಹಿನ್ನೀರ ಬದಿಯ ಗದ್ದೆಯ, ಮಣ್ಣು ತರಬೇಡಿ. ನೋಡಲು ಕಪ್ಪಗೆ ಚಂದ, ಒಳಗೆಲ್ಲ ಉಪ್ಪು. ಗೊಬ್ಬರವನ್ನು ಜರಡಿ ಹಿಡಿಯುವಾಗ ಹೆಬ್ಬೆರಳ ಗಾತ್ರದ ಬಿಳಿ ಹುಳ ಸುರುಳಿ ಸುತ್ತಿಕೊಂಡು ಸಿಗುತ್ತದೆ. ಅದು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ. ಕೋಳಿಗೆ ಹಾಕಿ. ಆ ಹುಳ ತುಂಬಾ ಇದ್ದರೆ ಗೊಬ್ಬರ ಇನ್ನೂ ಹಸಿಯಿದೆ ಎಂದೇ ಅರ್ಥ.

ನಮ್ಮ ಮಣ್ಣಿಗೆ ಹುಳಿ ಜಾಸ್ತಿ. ಇಷ್ಟು ಮಳೆ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುವ ಕಡೆ ಬೇರೆ ನಿರೀಕ್ಷೆ ಬೇಡ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿದರೆ ಹುಳಿಯ ಅಳತೆಯಾದ ಪಿಎಚ್ ಎಷ್ಟೆಂದು ತಿಳಿಯುತ್ತದೆ. ಐದೂವರೆ ಆಸುಪಾಸು ಬಂದರೆ ಈ 3 ಚದರ ಮೀಟರ್ ಮಡಿಗೆ 600 ಗ್ರಾಂ ಡೋಲೊಮೈಟ್ ಅಥವಾ ಕೃಷಿ ಸುಣ್ಣ. ಅಳಿವೆಯ (ಹೊಳೆ ಸಮುದ್ರ ಸೇರುವಲ್ಲಿನ) ಚಿಪ್ಪು ಸುಟ್ಟು ಅರಳಿಸಿದ ಸುಣ್ಣವಾದರೆ 450 ಗ್ರಾಂ ಸಾಕು, ಅದರ ಖಾರ ಹೆಚ್ಚು. ಸುಣ್ಣವನ್ನು ಬರೀ ಮಣ್ಣಿಗೆ ಕಲಸಿ, ನೀರು ಚಿಮುಕಿಸಿ, ಎರಡು ವಾರ ಬಿಟ್ಟು ಆಮೇಲೆ ಗೊಬ್ಬರ ಸೇರಿಸಬೇಕು. ಎರಡನ್ನೂ ಒಟ್ಟಿಗೆ ಕಲಸಿದರೆ ಮೂಗಿಗೆ ಹೊಡೆಯುವ ಘಾಟು ಬರುತ್ತದಲ್ಲ, ಅದು ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುವ ವಾಸನೆ. ಕೊನೆಗೆ ಅರ್ಧ ಕಿಲೋ ಬೇವಿನ ಹಿಂಡಿ. ತುಂಬಿದ ಮಡಿಗೆ ವಾರವಿಡೀ ನೀರು ಹಾಕಿ ಕೂರಲು ಬಿಡಿ. ಮಣ್ಣು ಒಂದೆರಡು ಇಂಚು ಇಳಿದೇ ಇಳಿಯುತ್ತದೆ, ಅಷ್ಟನ್ನು ಮತ್ತೆ ತುಂಬಿ ಅಂಚಿನಿಂದ 2 ಇಂಚು ಕೆಳಗೆ ಸಮ ಮಾಡಿ.

ಬೀಜಕ್ಕೆ ಅಂಕೋಲಾ, ಕುಮಟಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕೇಳಿ. ಮೊಗೆಕಾಯಿ (ಸಾಂಬಾರು ಸೌತೆ), ಹಾಲುಬೆಂಡೆ, ಕೆಂಪು ಹರಿವೆಯ ಊರ ತಳಿಗಳು ಅವರ ಕೈಯಲ್ಲಿ ಉಳಿದಷ್ಟು ಅಂಗಡಿಯಲ್ಲಿ ಉಳಿದಿಲ್ಲ. ಬಿತ್ತುವ ಕಾಲ ಫೆಬ್ರವರಿ ನಡುವಿನಿಂದ ಮಾರ್ಚ್ ಮೊದಲ ವಾರ. ಘಟ್ಟದ ಮೇಲೆ ರಾತ್ರಿ ಚಳಿ ಬಿಡುವುದು ತಡ, ಅಲ್ಲಿ ಬೆಂಡೆ ಬೀಜವನ್ನು ಮಾರ್ಚ್‌ಗೇ ಊರುವುದು ಮೇಲು. ತಂಪು ಮಣ್ಣಿನಲ್ಲಿ ಅದು ಮೊಳೆಯದೆ ಕೊಳೆಯುತ್ತದೆ. ಅಳ್ವೇಕೋಡಿ, ಹಂದಿಗೋಣದ ಸಿಹಿ ಈರುಳ್ಳಿ ಹೆದ್ದಾರಿ ಬದಿ ತೂಗುವುದನ್ನು ಕಂಡು ಈಗ ಈರುಳ್ಳಿ ನೆಡುವ ಆಸೆ ಬೇಡ, ಅದು ನೆಟ್ಟದ್ದು ಚಳಿಗಾಲಕ್ಕೆ ಮೊದಲೇ.

ಈ ಮಡಿಯಲ್ಲಿ ಹಿಡಿಯುವುದು ಇಷ್ಟು. ಪಶ್ಚಿಮದ ಅಂಚಿಗೆ 9 ಇಂಚಿಗೊಂದರಂತೆ ಮೀಟರ್ ಅಲಸಂದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮಂಗಳ ಇದಕ್ಕೆ ಹೊಂದುತ್ತದೆ. ನಡುವೆ ಎರಡು ಸಾಲು ಬೆಂಡೆ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ, ಒಟ್ಟು 14–16 ಗಿಡ. ನಾಲ್ಕು ಜನರ ಮನೆಗೆ ಎರಡು ದಿನಕ್ಕೊಂದು ಪಲ್ಯ ಆಗುತ್ತದೆ. ಪೂರ್ವದ ಅಂಚಿಗೆ ಒಂದು ಅಡಿ ಅಗಲದ ಪಟ್ಟಿಯಲ್ಲಿ ಹರಿವೆ. ಉತ್ತರ, ದಕ್ಷಿಣದ ತುದಿಗಳಿಗೆ ಒಂದೊಂದು ಮೊಗೆಕಾಯಿ, ಬಳ್ಳಿಯನ್ನು ಮಡಿಯಿಂದ ಹೊರಗೆ ಅಂಗಳದ ದರಕಿನ (ಒಣಗಿ ಬಿದ್ದ ಎಲೆಯ) ಮೇಲೆ ಬಿಡಬೇಕು. ಒಳಗೆ ಬಿಟ್ಟರೆ ತಿಂಗಳೊಳಗೆ ಬೆಂಡೆಯನ್ನು ಮುಚ್ಚಿಬಿಡುತ್ತದೆ. ಬಸಳೆಗೆ ಈ ಮಡಿಯಲ್ಲಿ ಜಾಗ ಕೊಡಬೇಡಿ. ಅದು ಕುಡಿಯುವ ನೀರಿಗೆ ಬಚ್ಚಲ ಹಿಂದಿನ ಜಾಗವೇ ಸರಿ.

ಬೆಂಡೆ ಬೀಜ ಸಂಜೆ ನೆನೆಹಾಕಿ ಬೆಳಿಗ್ಗೆ ಒಂದಿಂಚು ಆಳಕ್ಕೆ ಊರಿ. ಅಲಸಂದೆ ಬೀಜ ನೆನೆಸುವುದು ಬೇಡ, ಸಿಪ್ಪೆ ಬಿರಿದು ಹಾಳಾಗುತ್ತದೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಈ ಪಟ್ಟಿಗೆ 2 ಗ್ರಾಂ ಸಾಕು. ಒಂದು ಮುಷ್ಟಿ ಒಣ ಮರಳಿನಲ್ಲಿ ಬೆರೆಸಿದರೆ ಸಮನಾಗಿ ಬೀಳುತ್ತದೆ, ಜೊತೆಗೆ ಎರಡು ಚಮಚ ರವೆ ಬೆರೆಸಿದರೆ ಇರುವೆ ರವೆಯನ್ನು ಹೊತ್ತುಕೊಂಡು ಬೀಜವನ್ನು ಬಿಟ್ಟುಹೋಗುತ್ತದೆ. ಹರಿವೆ ಮೊಳೆಯಲಿಲ್ಲ ಎಂದು ಬೀಜವನ್ನು ಬೈಯುವವರಲ್ಲಿ ಅರ್ಧಕ್ಕರ್ಧ ಜನರ ಬೀಜ ಇರುವೆಗೂಡಿನಲ್ಲಿರುತ್ತದೆ. ಮೇಲೆ ಮಣ್ಣು ಮುಚ್ಚದೆ ಜರಡಿ ಹಿಡಿದ ಗೊಬ್ಬರ ಉದುರಿಸಿ, ಮೊಳೆಯುವವರೆಗೆ ಒದ್ದೆ ಗೋಣಿತಾಟು ಹಾಸಿ. 25–30 ದಿನಕ್ಕೆ ಕಿತ್ತು, ಅದೇ ಪಟ್ಟಿಗೆ ಮತ್ತೆ ಬಿತ್ತಬಹುದು.

ಈಗ ನೀರು. ಏಪ್ರಿಲ್‌ನಲ್ಲಿ ಬೆಳೆದು ನಿಂತ ಗಿಡ ಮತ್ತು ಮಣ್ಣು ಸೇರಿ ಚದರ ಮೀಟರಿಗೆ ದಿನಕ್ಕೆ 5ರಿಂದ 6 ಲೀಟರ್ ನೀರು ಹಾರಿಸುತ್ತವೆ. ಈ ಮಡಿಗೆ 18 ಲೀಟರ್, ಎಂದರೆ ಎರಡು ಕೊಡಪಾನಕ್ಕೆ ಸ್ವಲ್ಪ ಕಡಿಮೆ. ಬೆಳಿಗ್ಗೆ ಎಂಟರೊಳಗೆ ಪೂರ್ತಿ ಹಾಕಿ. ಅಂಚಿನ ಆ 2 ಇಂಚಿನ ತಗ್ಗು ಇಲ್ಲಿ ಕೆಲಸಕ್ಕೆ ಬರುತ್ತದೆ: ಕೊಡಪಾನ ಬಗ್ಗಿಸಿದರೂ ನೀರು ಹೊರಗೆ ಹರಿಯದೆ ನಿಂತು, ನಿಧಾನ ಇಂಗಿ ಸಿಪ್ಪೆಯವರೆಗೆ ಹೋಗುತ್ತದೆ. ದಿನಕ್ಕೆ ಮೂರು ಸಲ ಪೈಪು ಹಿಡಿದು ಮೇಲ್ಮೇಲೆ ಚಿಮುಕಿಸುವುದು ನಮ್ಮೂರ ದೊಡ್ಡ ರೋಗ. ಅದರಿಂದ ಮೇಲಿನ ಎರಡಿಂಚು ಮಾತ್ರ ಒದ್ದೆಯಾಗಿ, ಬೇರೂ ಅಲ್ಲೇ ಉಳಿದು, ಒಂದು ದಿನ ಊರಿಗೆ ಹೋದರೆ ಗಿಡ ಮಲಗುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ತಂಪು ತಾಗಿದರೆ ನೀರು ಬೇಡ. ಮಧ್ಯಾಹ್ನ ಬೆಂಡೆ, ಮೊಗೆಯ ಎಲೆ ಬಾಡಿದಂತೆ ಕಂಡರೂ ಸಂಜೆಗೆ ಎದ್ದರೆ ಅದು ಬಾಯಾರಿಕೆ ಅಲ್ಲ, ಬಿಸಿಲಿಗೆ ಎಲೆ ತಗ್ಗಿಸಿಕೊಳ್ಳುವ ರೀತಿ.

ಹನಿ ನೀರಾವರಿ ಹಾಕುವವರು ಉದ್ದಕ್ಕೆ ಎರಡು ಸಾಲು ಎಳೆಯಿರಿ. ಅಡಿಗೊಂದು 2 ಲೀಟರಿನ ಡ್ರಿಪ್ಪರ್ ಎಂದರೆ 16 ಡ್ರಿಪ್ಪರ್, ಗಂಟೆಗೆ 32 ಲೀಟರ್. 35 ನಿಮಿಷ ಬಿಟ್ಟರೆ ದಿನದ ಲೆಕ್ಕ ಮುಗಿಯಿತು. ಚಿರೇಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣ ಇರುತ್ತದೆ, ಡ್ರಿಪ್ಪರಿನ ಬಾಯಿಗೆ ಕೆಂಪು ಲೋಳೆ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ರಭಸವಾಗಿ ನೀರು ಬಿಡಬೇಕು. ಇದೆಲ್ಲ ಬೇಡ ಎನ್ನುವವರಿಗೆ 5 ಲೀಟರಿನ ಎರಡು ಮಣ್ಣಿನ ಮಡಕೆ ಸಾಕಷ್ಟು ಸಹಾಯ ಮಾಡುತ್ತವೆ. ಬಣ್ಣ ಬಳಿಯದ, ಬಾಯಿ ಸಣ್ಣದಿರುವ ಮಡಕೆಯನ್ನು ಬೆಂಡೆ ಸಾಲಿನ ನಡುವೆ ಕುತ್ತಿಗೆಯವರೆಗೆ ಹೂತು, ಬಾಯಿಗೆ ಗೆರಟೆ ಮುಚ್ಚಿ. ಮುಚ್ಚದಿದ್ದರೆ ವಾರದಲ್ಲಿ ಸೊಳ್ಳೆ ಮರಿ.

ಅಳಿವೆಯ ಹತ್ತಿರದವರಿಗೆ ನೀರಿನ ಪ್ರಮಾಣಕ್ಕಿಂತ ಉಪ್ಪಿನ ಚಿಂತೆ ದೊಡ್ಡದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಹಿನ್ನೀರಿನ ಬದಿಯ ಬಾವಿಗಳು ಏಪ್ರಿಲ್ ದಾಟಿದ ಮೇಲೆ ಸವಳಾಗುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯಲು ಕುಡಿಯುವ ನೀರಿಗೆ ಬಳಸುವ ಅಗ್ಗದ ಟಿಡಿಎಸ್ ಮೀಟರ್ ಇಲ್ಲಿ ಸಾಕು: 450ರ ಒಳಗಿದ್ದರೆ ಯಾವ ತರಕಾರಿಗೂ ಆತಂಕವಿಲ್ಲ, 2000 ದಾಟಿದರೆ ಆ ನೀರು ಮಡಿಗೆ ಬೇಡವೇ ಬೇಡ. ನಡುವಿನ ನೀರಿಗೆ ಬೆಳೆ ನೋಡಿ ಆರಿಸಬೇಕು. ಬೀನ್ಸ್, ಬದನೆ, ಮೂಲಂಗಿ, ಮೆಣಸು ಉಪ್ಪಿಗೆ ಬೇಗ ಸೋಲುತ್ತವೆ, ಬೆಂಡೆಯೂ ಗಟ್ಟಿಗನಲ್ಲ. ಸೌತೆ, ಟೊಮೆಟೊ ಸ್ವಲ್ಪ ತಾಳುತ್ತವೆ. ಅಲಸಂದೆ ಇವೆಲ್ಲಕ್ಕಿಂತ ಹೆಚ್ಚು ತಾಳುತ್ತದೆ, ಹಾಗಾಗಿ ಸವಳು ಬಾವಿಯವರು ಬೆಂಡೆಯ ಒಂದು ಸಾಲು ಬಿಟ್ಟು ಅಲಸಂದೆ ಹೆಚ್ಚಿಸುವುದು ಜಾಣತನ.

ಬಾವಿಯಲ್ಲಿ ಸಿಹಿನೀರು ಹಗುರ, ಮೇಲೆ ನಿಲ್ಲುತ್ತದೆ. ಉಪ್ಪುನೀರು ಭಾರ, ಕೆಳಗೆ. ಪಂಪಿನ ಪೈಪಿನ ಕೆಳತುದಿಯ ಫುಟ್‌ವಾಲ್ವ್ ತಳಕ್ಕೆ ಬಿಟ್ಟು ದೊಡ್ಡ ಪಂಪಿನಲ್ಲಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೇಳುತ್ತದೆ. ಫುಟ್‌ವಾಲ್ವನ್ನು ಮೇಲಕ್ಕೆ ಕಟ್ಟಿ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ ತೊಟ್ಟಿಯಲ್ಲಿ ಕೂಡಿಟ್ಟುಕೊಂಡರೆ ಅದೇ ಬಾವಿ ಇನ್ನಷ್ಟು ದಿನ ನಡೆಸುತ್ತದೆ. ಉಪ್ಪು ಏರಿದ್ದು ಗಿಡದಲ್ಲಿ ಹೀಗೆ ತೋರುತ್ತದೆ: ಹಳೆ ಎಲೆಗಳ ಅಂಚು ಕಂದಾಗಿ ಒಣಗುತ್ತದೆ, ನಡುಭಾಗ ಹಸಿರಾಗಿಯೇ ಇರುತ್ತದೆ, ಕಲ್ಲಿನ ಬದಿಯ ಮಣ್ಣಿನ ಮೇಲೆ ಬೆಳ್ಳಗೆ ಹೊಪ್ಪಳೆ. ಇದನ್ನು ಗೊಬ್ಬರದ ಕೊರತೆ ಎಂದು ತಿಳಿದು ರಸಗೊಬ್ಬರ ಹಾಕಿದರೆ ಉಪ್ಪಿಗೆ ಉಪ್ಪು ಸೇರಿಸಿದಂತೆ. ಹೊಪ್ಪಳೆ ಕೆರೆದು ಹೊರಗೆ ಹಾಕಿ, ಒಂದು ದಿನ ಸಿಹಿನೀರು ಎಲ್ಲಿಂದಾದರೂ ತಂದು ತಗ್ಗು ತುಂಬುವಷ್ಟು ಎರಡು ಸಲ ನಿಲ್ಲಿಸಿ ಇಳಿಸಿ.

ಸಸಿ ನಾಲ್ಕಿಂಚು ಏರಿದ ಮೇಲೆ ಮುಚ್ಚಿಗೆ. ಮಾವು, ಹಲಸು, ಗೋಡಂಬಿಯ ದರಕು ಎರಡು ಮೂರು ಇಂಚು ದಪ್ಪ. ಅಕೇಶಿಯಾ ಎಲೆ ಬೇಗ ಕೊಳೆಯದು, ಮುಚ್ಚಿಗೆಗೆ ಅದೇ ಒಳ್ಳೆಯದು. ಅಡಿಕೆ ಸೋಗೆಯನ್ನು ಕತ್ತರಿಸಿ ಹಾಕಬೇಕು. ಬೈಹುಲ್ಲು ಹಾಕಿದರೆ ಭತ್ತವೂ ಕಳೆಯೂ ಮೊಳೆಯುತ್ತವೆ. ಕಾಂಡದಿಂದ ಎರಡಿಂಚು ಬಿಟ್ಟು ಹರಡಿ; ಒಣ ದರಕಿನಡಿ ಒರಲೆ ಬರುತ್ತದೆ, ಆದ್ದರಿಂದ ನೀರು ಹಾಕುವಾಗ ದರಕೂ ನೆನೆಯಲಿ. ಮಾರ್ಚ್ ಕೊನೆಯ ಬಿಸಿಲಿಗೆ ಅಲಸಂದೆ ಇನ್ನೂ ಮೇಲೇರಿರದಿದ್ದರೆ ಪಶ್ಚಿಮಕ್ಕೆ ನಾಲ್ಕು ತೆಂಗಿನ ಮಡಲು ಓರೆಯಾಗಿ ನಿಲ್ಲಿಸಿ. ನೆರಳು ಬಲೆ ಹಾಕುವುದಾದರೆ 35 ಶೇಕಡದ್ದು ಸಾಕು, 75ರ ಬಲೆಯಡಿ ಬೆಂಡೆ ಉದ್ದಕ್ಕೆ ಏರುತ್ತದೆ, ಕಾಯಿ ಕಟ್ಟುವುದಿಲ್ಲ.

ಮೇಲುಗೊಬ್ಬರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 100 ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ವಾರಕ್ಕೊಮ್ಮೆ ಬುಡಕ್ಕೆ ಹಾಕಿದರೆ ಬೆಂಡೆ ಕಪ್ಪು ಹಸಿರಾಗುತ್ತದೆ. ಕರಾವಳಿಯವರಿಗೆ ಇನ್ನೊಂದು ದಾರಿ ತಾರ್ಲೆ (ಬೂತಾಯಿ) ಮೀನು. ಹಸಿ ತಾರ್ಲೆ ಮತ್ತು ಬೆಲ್ಲ ಸಮತೂಕ ತುಂಡರಿಸಿ ಡಬ್ಬಿಯಲ್ಲಿ ಒಂದು ತಿಂಗಳು ಇಟ್ಟರೆ ಜೇನಿನ ಬಣ್ಣದ ರಸ ಇಳಿಯುತ್ತದೆ; ಲೀಟರಿಗೆ 5 ಮಿಲಿ ಬೆರೆಸಿ ಎಲೆಗೆ ಸಿಂಪಡಿಸಿ. ಹಸಿ ಮೀನನ್ನು ನೇರ ಹೂತರೆ ರಾತ್ರಿ ನಾಯಿ ಬಂದು ಮಡಿಯನ್ನೇ ಕೆದರುತ್ತದೆ. ಒಣಮೀನಿನ ಕಸ ಹಾಕುವವರೂ ಇದ್ದಾರೆ, ಅದು ಉಪ್ಪು ಹಾಕಿದ್ದು ಎಂಬುದನ್ನು ಮರೆತು.

ಕೀಟದಲ್ಲಿ ಇಬ್ಬರನ್ನು ಮಾತ್ರ ವಿವರವಾಗಿ ಹೇಳಬೇಕು. ಒಂದು ಹಣ್ಣುನೊಣ. ಮೊಗೆ, ಹಾಗಲ, ಹೀರೆಯ ಎಳೆ ಮಿಡಿಗೆ ಸೂಜಿ ಚುಚ್ಚಿದಂತೆ ಗಾಯ, ಅಲ್ಲಿ ಅಂಟು, ಎರಡು ದಿನಕ್ಕೆ ಮಿಡಿ ಹಳದಿಯಾಗಿ ಸೊಟ್ಟಗೆ ಕೊಳೆಯುತ್ತದೆ. ಇದಕ್ಕೆ ಬಲೆ ತರುವಾಗ ಬಹಳ ಜನ ಮೋಸ ಹೋಗುತ್ತಾರೆ. ಮಾವಿನ ನೊಣಕ್ಕೆ ಇರುವ ಮಿಥೈಲ್ ಯೂಜಿನಾಲ್ ಬಲೆಗೆ ಸೌತೆ ಜಾತಿಯ ನೊಣ ಬರುವುದಿಲ್ಲ. ಕ್ಯೂಲೂರ್ ಎಂದು ಕೇಳಿ ತರಬೇಕು. ತುಳಸಿ ಎಲೆ ಅರೆದು ಬಲೆ ಮಾಡುವ ಉಪಾಯವೂ ಮಾವಿನ ನೊಣಕ್ಕೆ ಮಾತ್ರ. ಹಿತ್ತಲಿಗೆ ಒಂದು ಬಲೆ ಸಾಕು, ಹೂ ಬಿಡುವ ಮೊದಲೇ ತೂಗಿಸಿ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಹೂ ಉದುರಿದ ಎರಡು ಮೂರು ದಿನದೊಳಗೆ ಮಿಡಿಗೆ ಕಾಗದದ ಕೊಟ್ಟೆ ಕಟ್ಟುವುದೂ ಬೇಕು. ಚುಚ್ಚಿದ ಮಿಡಿಯನ್ನು ಬೇಲಿಯಾಚೆ ಎಸೆದರೆ ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ನಿಮ್ಮಲ್ಲಿಗೇ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬಿಸಿಲಿಗಿಡಿ.

ಮಿಡಿ ಹಳದಿಯಾಗಿ ಉದುರಿದರೂ ಗಾಯವಿಲ್ಲದಿದ್ದರೆ ಅದು ನೊಣದ ಕೆಲಸವಲ್ಲ, ಪರಾಗ ಬಿದ್ದಿಲ್ಲ. ಬೆಳಿಗ್ಗೆ ಗಂಡು ಹೂ ಕಿತ್ತು, ದಳ ಬಿಡಿಸಿ, ಮಿಡಿ ಹೊತ್ತ ಹೆಣ್ಣು ಹೂವಿನೊಳಗೆ ಸವರಿ. ಬಿಸಿಲೇರಿದ ಮೇಲೆ ಪ್ರಯೋಜನವಿಲ್ಲ.

ಇನ್ನೊಂದು ಬೆಂಡೆಯ ಹಳದಿ ನರ ರೋಗ. ಎಲೆಯ ನರಗಳು ಬಲೆಯಂತೆ ಹಳದಿಯಾದರೆ ಅದು ವೈರಸ್, ಬಿಳಿನೊಣ ತಂದದ್ದು. ಔಷಧಿಯಿಲ್ಲ. ಆ ಗಿಡ ಅಂದೇ ಕೀಳಿ. ನಾಲ್ಕು ಕಾಯಿಯ ಆಸೆಗೆ ಬಿಟ್ಟರೆ ಸಾಲು ಹೋಗುತ್ತದೆ. ಇದಕ್ಕೆ ನಿರೋಧಕವೆಂದು ಬಂದ ಅರ್ಕಾ ಅನಾಮಿಕ ತಳಿ ನಂಬಬಹುದಾದದ್ದು, ಆದರೂ ಈಗೀಗ ಅದಕ್ಕೂ ಅಲ್ಲಲ್ಲಿ ಹತ್ತುತ್ತಿದೆ. ಅಲಸಂದೆಯ ಕುಡಿಗೆ ಮುತ್ತುವ ಕಪ್ಪು ಹೇನಿಗೆ ಲೀಟರ್ ನೀರಿಗೆ 5 ಗ್ರಾಂ ಬಾರ್ ಸಾಬೂನು ಕರಗಿಸಿ, 5 ಮಿಲಿ ಬೇವಿನೆಣ್ಣೆ ಸೇರಿಸಿ ಸಂಜೆ ಹೊಡೆಯಿರಿ. ಮೊಗೆಯ ಎಲೆ ತೂತು ಮಾಡುವ ಕೆಂಪು ದುಂಬಿಗೆ ಇಬ್ಬನಿ ಇರುವಾಗ ಒಲೆಬೂದಿ ಎರಚಿದರೆ ಸಾಕು.

ಬದನೆ, ಟೊಮೆಟೊ ಈ ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಕಾರಣವಿದೆ. ನಮ್ಮ ಹುಳಿ ಮಣ್ಣಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಬೇಸಿಗೆಗೆ ಹೆಚ್ಚುತ್ತದೆ. ಹಸಿರಾಗಿದ್ದ ಗಿಡ ಎಲೆ ಹಳದಿಯಾಗದೆಯೇ ಜೋತುಬಿದ್ದು ಮೂರು ನಾಲ್ಕು ದಿನಕ್ಕೆ ಸಾಯುತ್ತದೆ. ಖಚಿತ ಮಾಡಿಕೊಳ್ಳಲು ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತುದಿ ತಾಗಿಸಿ ಹಿಡಿಯಿರಿ: ಒಂದೆರಡು ನಿಮಿಷಕ್ಕೆ ಕತ್ತರಿಸಿದ ಬಾಯಿಯಿಂದ ಹಾಲಿನ ಎಳೆ ಕೆಳಗೆ ಇಳಿಯುವುದು ಕಂಡರೆ ಅದೇ ರೋಗ. ಬೆಳೆಯಲೇಬೇಕೆಂದರೆ ಟೊಮೆಟೊದಲ್ಲಿ ಅರ್ಕಾ ರಕ್ಷಕ್, ಬದನೆಯಲ್ಲಿ ಅರ್ಕಾ ಕೇಶವ್, ಅರ್ಕಾ ನಿಧಿ. ಇಲ್ಲವೇ ಸುಂಡೆಗಿಡದ ಮೇಲೆ ಬದನೆ ಕಸಿ ಮಾಡಿ. ರೋಗ ಬಂದ ಮಡಿಯ ಗುದ್ದಲಿಯನ್ನು ತೊಳೆಯದೆ ಪಕ್ಕದ ಮಡಿಗೆ ಇಳಿಸಬೇಡಿ.

ಕೋಳಿ, ನವಿಲು, ಮಂಗನ ಕಾಟಕ್ಕೆ ಕರಾವಳಿಯಲ್ಲಿ ಎಲ್ಲರೂ ಕಟ್ಟುವುದು ಹಳೇ ಮೀನುಬಲೆ. ಮಂಗನಿಗೆ ಅದು ಲೆಕ್ಕಕ್ಕಿಲ್ಲ, ಕೋಳಿ ನವಿಲಿಗೆ ಸಾಕು. ಬಲೆಯನ್ನು ನೆಲಕ್ಕೆ ರಾಶಿ ಬಿಡಬೇಡಿ, ಸಡಿಲ ನೈಲಾನ್ ಕಣ್ಣಿಗೆ ಕೇರೆ, ನಾಗರ ಸಿಕ್ಕಿ ಒದ್ದಾಡುತ್ತವೆ. ಕೆಳ ಅಂಚನ್ನು ಕಲ್ಲಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿ. ಹಾವು ಸಿಕ್ಕಿದ್ದು ಕಂಡರೆ ಕತ್ತಿ ಹಿಡಿದು ಬಿಡಿಸಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ಬೆಂಡೆ 45–50 ದಿನಕ್ಕೆ ಕೊಯ್ಲಿಗೆ ಬರುತ್ತದೆ. ದಿನ ಬಿಟ್ಟು ದಿನ ಕೊಯ್ಯಲೇಬೇಕು. ಒಂದು ಕಾಯಿ ಬಲಿತರೆ ಗಿಡ ಹೊಸ ಹೂ ಬಿಡುವುದನ್ನು ನಿಧಾನ ಮಾಡುತ್ತದೆ. ಮೊಗೆಕಾಯಿ ಎರಡೂವರೆ ತಿಂಗಳಿಗೆ ಬಣ್ಣ ತಿರುಗುತ್ತದೆ. ತೊಟ್ಟು ಎರಡಿಂಚು ಉಳಿಸಿ ಕತ್ತರಿಸಿ, ಬಾಳೆಪಟ್ಟೆಯಲ್ಲಿ ಒಂದೊಂದಾಗಿ ಕಟ್ಟಿ ಅಟ್ಟದಡಿ ತೂಗಿಸಿದರೆ ಮಳೆಗಾಲದ ಹುಳಿಗೆ ಆಯಿತು. ನೆಲಕ್ಕೆ ತಾಗಿ ಕೂತ ಕಾಯಿ ಬೇಗ ಕೊಳೆಯುತ್ತದೆ.

ಮೇ ಮೂರನೇ ವಾರ ಮಡಿಯನ್ನು ತಿರುಗಿಸುವ ಕೆಲಸ. ಹನಿ ಪೈಪು ಸುತ್ತಿಡಿ, ನೆರಳು ಬಲೆ ತೆಗೆಯಿರಿ, ಮಡಕೆ ಎತ್ತಿ ನಾರಿನಲ್ಲಿ ಉಜ್ಜಿ ಕವುಚಿಡಿ. ಹಳೆ ದರಕನ್ನು ಕಂಪೋಸ್ಟಿಗೆ ಸೇರಿಸಿ. ಅಂಚಿನ ತಗ್ಗು ತುಂಬಿ, ನಡುವೆ 3 ಇಂಚು ಏರುವಂತೆ ಮಣ್ಣು, ಗೊಬ್ಬರ ಸಮಪಾಲು ಹಾಕಿ ಹಂದಿಬೆನ್ನು ಮಾಡಿ. ಕಲ್ಲಿನ ಸಂದಿಯ ಜೇಡಿಯನ್ನು ಕಬ್ಬಿಣದ ಸರಳಿನಿಂದ ಕಿತ್ತು, ಸುತ್ತ ಅರ್ಧ ಅಡಿ ಕಾಲುವೆ ತೋಡಿ ಅಂಗಳದ ಹೊರಗೆ ಬಿಡಿ. ಮೇ ಕೊನೆಯ ವಾರ ಬೆನ್ನಿನ ಮೇಲೆ ಹೊಸ ಬೆಂಡೆ, ಬದಿಗೆ ಹೀರೆ, ಹಾಗಲ. ಜೂನ್‌ನ ಜೋರು ಮಳೆ ಹಿಡಿಯುವ ಹೊತ್ತಿಗೆ ಸಸಿಗೆ ನಾಲ್ಕೈದು ಎಲೆ ಬಂದಿರಬೇಕು. ಎರಡೆಲೆಯ ಸಸಿ ಹನಿಯ ಹೊಡೆತಕ್ಕೆ ಮಣ್ಣಿಗಂಟಿ ಹೋಗುತ್ತದೆ. ಆಫ್ರಿಕನ್ ಬಸವನಹುಳು ಇರುವ ಕಡೆ ಮೊದಲ ಮಳೆಯ ರಾತ್ರಿಯೇ ಅದು ಕಲ್ಲಿನ ಸಂದಿಯಿಂದ ಹೊರಬೀಳುತ್ತದೆ. ಟಾರ್ಚ್ ಹಿಡಿದು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಆ ನೀರನ್ನು ಮಾತ್ರ ಮಡಿಯ ಹತ್ತಿರ ಎಲ್ಲೂ ಚೆಲ್ಲಬೇಡಿ.